ಮೈಸೂರಿನ ಚರ್ಚುಗಳ ಹಳೇ ಫೋಟೋ: ಕೆಳಗೆ ಬರೆದಿರುವುದನ್ನು ಎಷ್ಟು ನಂಬಬಹುದು?

ಲಷ್ಕರ್ ಮೊಹಲ್ಲಾದವಳು

ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ನಮ್ಮ ಯುವಕರ ತಂಡ ಮೈಸೂರಿನ ಹಳೇ ಚರ್ಚುಗಳ ಫೋಟೋ ಪ್ರದರ್ಶನ ಇಡುತ್ತಿದೆ. ಫೋಟೋಗಳೇನೋ ಬೇಕಾದಷ್ಟು ಸಿಕ್ಕಿವೆ. ಮನೆ ಆಲ್ಬಂನವು, ಹಳೇ ಪೋಸ್ಟ್‌ಕಾರ್ಡುಗಳು, ವಾಟ್ಸಾಪಿನಲ್ಲಿ ಓಡಾಡುವವು. ತೊಂದರೆ ಇರುವುದು ಕ್ಯಾಪ್ಷನ್‌ನಲ್ಲಿ. ಎರಡು ಗೋಪುರ ಎದ್ದು ಕಾಣುವ ಒಂದೇ ಫೋಟೋ, ಒಬ್ಬರು ಕಳಿಸಿದ್ದರಲ್ಲಿ ‘ಸಂತ ಫಿಲೋಮಿನಾ ಚರ್ಚ್, 1843’ ಅಂತಿದೆ, ಇನ್ನೊಬ್ಬರದ್ದರಲ್ಲಿ 1905 ಅಂತಿದೆ. ಮತ್ತೊಂದು ಕಾರ್ಡಿನ ಮೇಲೆ ‘ಮೈಸೂರು ಕೆಥೆಡ್ರಲ್’ ಅಂತ ಅಚ್ಚಾಗಿದೆ, ಆದರೆ ಆ ಕಟ್ಟಡ ನಮ್ಮೂರಿನದ್ದೇ ಅಲ್ಲ ಅನ್ನಿಸುತ್ತದೆ. ತಂಡದಲ್ಲಿ ಕೆಲವರು ‘ಅದನ್ನೆಲ್ಲ ಯಾರು ನೋಡುತ್ತಾರೆ, ಇದ್ದ ಹಾಗೇ ಹಾಕೋಣ’ ಅನ್ನುತ್ತಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಸ್ಕೂಲ್ ಮಕ್ಕಳು ಬರುತ್ತಾರೆ, ನೋಡಿ ಬರೆದುಕೊಂಡು ಹೋಗುತ್ತಾರೆ, ತಪ್ಪು ಅಲ್ಲಿಂದ ಇನ್ನಷ್ಟು ಬೆಳೆಯುತ್ತದೆ. ಇದನ್ನು ಹೇಗೆ ಸರಿ ಮಾಡುವುದು?

ಅಶೋಕ ರಸ್ತೆ

ಎರಡು ಗೋಪುರದ ಫೋಟೋಗೆ ಆ ಎರಡು ವರ್ಷವೂ ಹೊಂದುವುದಿಲ್ಲ ಮೇಡಂ. ಈಗಿನ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದೇ 1933ರಲ್ಲಿ. 175 ಅಡಿಯ ಆ ಗೋಪುರಗಳು ಫೋಟೋದಲ್ಲಿ ಪೂರ್ತಿ ಕಾಣುತ್ತಿವೆ ಅಂದರೆ ಅದು 1933ಕ್ಕಿಂತ ಈಚಿನದೇ, ಬೇರೆ ಪುರಾವೆಯೇ ಬೇಡ.

ಆದರೆ 1843 ಅನ್ನುವುದನ್ನು ಯಾರೋ ಸುಮ್ನೆ ಬರೆದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅದೇ ಜಾಗದಲ್ಲಿ ಒಂದು ಚರ್ಚು ಕಟ್ಟಿದರು, ಆ ವರ್ಷ 1843. ಅದರ ಶಾಸನ ಈಗಿನ ಚರ್ಚಿನಲ್ಲೂ ಇದೆ. ಅದನ್ನು ಓದಿದವರು ಆ ವರ್ಷವನ್ನೇ ಹೊಸ ಕಟ್ಟಡದ ಫೋಟೋಗೂ ಅಂಟಿಸಿಬಿಡುತ್ತಾರೆ. ಹಳೆಯದು ಸಂತ ಜೋಸೆಫರ ಹೆಸರಿನ ಚರ್ಚು. ಫಿಲೋಮಿನಾ ಹೆಸರು ಬಂದದ್ದು ಆಮೇಲೆ, ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರು ಆ ಸಂತಳ ಅವಶೇಷ ತರಿಸಿದ ನಂತರ. ಹಾಗಾಗಿ ಹಳೇ ಕಟ್ಟಡದ ಫೋಟೋ ನಿಜವಾಗಿಯೂ ಸಿಕ್ಕಿದರೆ ಅದರ ಕೆಳಗೆ ಸಂತ ಜೋಸೆಫ್ ಅಂತಲೇ ಬರೆಯಿರಿ.

ಇದೇ ತರಹದ ಇನ್ನೊಂದು ತಪ್ಪು ‘ಸಿಎಸ್ಐ ಚರ್ಚ್, 1920’ ಅನ್ನುವುದು. ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಶುರುವಾಗಿದ್ದು 1947ರ ಸೆಪ್ಟೆಂಬರಿನಲ್ಲಿ. ಅದಕ್ಕೂ ಮುಂಚೆ ಸಂತ ಬಾರ್ತಲೋಮಿಯೋ ಚರ್ಚು ಆಂಗ್ಲಿಕನ್ನರದು, ವೆಸ್ಲಿ ಚರ್ಚು ಮೆಥಡಿಸ್ಟರದು, ಎರಡೂ ಬೇರೆ ಬೇರೆ.

ಹಳೇ ಕಾರ್ಡು

‘ಮೈಸೂರು ಕೆಥೆಡ್ರಲ್’ ಕಾರ್ಡನ್ನು ದಯವಿಟ್ಟು ಪಕ್ಕಕ್ಕೆ ಎಸೆಯಬೇಡಿ, ಅದರ ಮೇಲೆ ಅಚ್ಚಾಗಿರುವುದು ಸರಿಯೇ ಇರಬಹುದು. 1940ರವರೆಗೆ ಮೈಸೂರು ಧರ್ಮಪ್ರಾಂತ್ಯದ (ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ) ಬಿಷಪ್ ಇರುತ್ತಿದ್ದದ್ದು ಬೆಂಗಳೂರಿನಲ್ಲಿ, ಅಲ್ಲಿನ ಸಂತ ಪ್ಯಾಟ್ರಿಕ್ ಚರ್ಚೇ ಆಗ ಕೆಥೆಡ್ರಲ್, ಅಂದರೆ ಬಿಷಪ್ಪರ ಮುಖ್ಯ ಚರ್ಚು. ಆ ವರ್ಷ ಫೆಬ್ರವರಿಯಲ್ಲಿ ಬೆಂಗಳೂರು, ಮೈಸೂರು ಬೇರೆ ಬೇರೆ ಧರ್ಮಪ್ರಾಂತ್ಯಗಳಾದವು. ಸಂತ ಪ್ಯಾಟ್ರಿಕ್ ಚರ್ಚಿಗೂ ಮುಂದುಗಡೆ ಎರಡು ಗೋಪುರ ಇವೆ, ನಮ್ಮವರು ಗಡಿಬಿಡಿಯಲ್ಲಿ ಫಿಲೋಮಿನಾ ಅಂದುಕೊಳ್ಳುವುದು ಅದಕ್ಕೇ. ಇದರ ಮೇಲೆ, ಆಗ ರಾಜ್ಯದ ಹೆಸರೂ ಮೈಸೂರು. ಬೆಂಗಳೂರು, ಕೆಜಿಎಫ್, ಹಾಸನ ಯಾವ ಊರಿನ ಕಟ್ಟಡವಾದರೂ ವಿದೇಶದ ಸಂಗ್ರಹಗಳಲ್ಲಿ ‘ಮೈಸೂರು’ ಅಂತ ಇರುತ್ತದೆ.

ಪೋಸ್ಟ್‌ಕಾರ್ಡಿನ ಮೇಲಿನ ಠಸ್ಸೆ ನೋಡಿ ಫೋಟೋದ ವರ್ಷ ಹೇಳಬೇಡಿ. ಅದು ಅಂಚೆಗೆ ಹಾಕಿದ ದಿನ ಅಷ್ಟೇ. ಒಂದೇ ಚಿತ್ರವನ್ನು ಎಷ್ಟೋ ವರ್ಷ ಅಚ್ಚು ಹಾಕಿ ಮಾರುತ್ತಿದ್ದರು.

ಗಂಜಾಂ ಕಡೆಯವನು

ಶ್ರೀರಂಗಪಟ್ಟಣದ್ದೂ ಸೇರಿಸುತ್ತೀರಾದರೆ ಒಂದು ಮಾತು. ಗಂಜಾಂ ಚರ್ಚಿನ ಮುಂದೆ ನಿಂತ ಬಿಳಿ ಗಡ್ಡದ ಪಾದ್ರಿಯ ಫೋಟೋ ಒಂದನ್ನು ‘ಅಬ್ಬೆ ದುಬಾಯ್’ ಅಂತ ಹಂಚುತ್ತಿದ್ದಾರೆ. ಅದು ಸಾಧ್ಯವೇ ಇಲ್ಲ. ಟಿಪ್ಪು ಸತ್ತ ಮೇಲೆ ಇಲ್ಲಿಗೆ ಬಂದು, ಜನರಿಂದ ದೊಡ್ಡ ಸ್ವಾಮಿಯೋರು ಅನ್ನಿಸಿಕೊಂಡ ಫ್ರೆಂಚ್ ಪಾದ್ರಿ ದುಬಾಯ್ ಇಂಡಿಯಾ ಬಿಟ್ಟಿದ್ದು 1823ರಲ್ಲಿ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. ಅವರು ಆಮೇಲೆ ಇಲ್ಲಿಗೆ ತಿರುಗಿ ಬರಲೇ ಇಲ್ಲ. ಫೋಟೋದಲ್ಲಿರುವವರು ಬೇರೆ ಯಾರೋ ಫಾದರ್, ಅವರಿಗೂ ಒಂದು ಹೆಸರಿತ್ತು ಅಲ್ವಾ? ದೊಡ್ಡವರ ಹೆಸರು ಹಾಕಿ ಆ ಮನುಷ್ಯನನ್ನು ಅಳಿಸಿಹಾಕುವುದು ನನಗೆ ತುಂಬಾ ಬೇಜಾರಿನ ವಿಷಯ.

‘ಫ್ರೆಂಚ್ ರಾಕ್ಸ್’ ಅಂತ ಬರೆದ ಫೋಟೋ ಸಿಕ್ಕರೆ ಫ್ರಾನ್ಸಿನಲ್ಲಿ ಹುಡುಕಬೇಡಿ, ಅದು ನಮ್ಮ ಪಾಂಡವಪುರದ ಹಳೇ ಹೆಸರು.

ಲಷ್ಕರ್ ಮೊಹಲ್ಲಾದವಳು

ತುಂಬಾ ಥ್ಯಾಂಕ್ಸ್. ಹಾಗಾದರೆ ಹಳೇ ಕ್ಯಾಪ್ಷನ್ ತೆಗೆದು ನಮ್ಮದು ಹಾಕಿಬಿಡಬಹುದಾ?

ಹಳೇ ಕಾರ್ಡು

ತೆಗೆಯಬೇಡಿ. ‘ಕಾರ್ಡಿನ ಮೇಲೆ ಹೀಗೆ ಬರೆದಿದೆ’ ಅಂತ ಅದನ್ನೂ ಕೊಡಿ, ಕೆಳಗೆ ನಿಮ್ಮ ತಿದ್ದುಪಡಿ, ಯಾಕೆ ತಿದ್ದಿದಿರಿ ಅನ್ನುವುದು ಒಂದು ಸಾಲು. ಒಂದೇ ವರ್ಷ ಬರೆಯಲೇಬೇಕು ಅಂತ ಹಟ ಬೇಡ. ‘1933ರ ನಂತರ’ ಅಂದರೆ ಸಾಕು, ಅದು ನಿಜ. ಫೋಟೋವನ್ನು ದೊಡ್ಡದು ಮಾಡಿ ನೋಡಿ. ಬೀದಿ ಕಂಬದಲ್ಲಿ ಕರೆಂಟ್ ಬಲ್ಬು ಇದ್ದರೆ 1890 ಅನ್ನುವ ಮಾತು ಬಿದ್ದುಹೋಗುತ್ತದೆ, ಶಿವನಸಮುದ್ರದಲ್ಲಿ ಕರೆಂಟ್ ಶುರುವಾದದ್ದೇ 1902ರಲ್ಲಿ. ಬರೀ ತಂತಿ ಕಂಬವಾದರೆ ಅದು ಟೆಲಿಗ್ರಾಫಿನದೂ ಇರಬಹುದು, ಅವಸರ ಪಡಬೇಡಿ. ಎಡಬಲ ತಿರುಗಿದ ಫೋಟೋಗಳೂ ಜಾಸ್ತಿ ಇವೆ. ಎರಡು ಗೋಪುರವೂ ಒಂದೇ ತರಹ ಇರುವುದರಿಂದ ಕಟ್ಟಡ ನೋಡಿ ಗೊತ್ತಾಗುವುದಿಲ್ಲ, ಬೋರ್ಡಿನ ಅಕ್ಷರ ನೋಡಿ, ಇಲ್ಲವೇ ಹೆಂಗಸರ ಸೆರಗು ಯಾವ ಹೆಗಲ ಮೇಲಿದೆ ನೋಡಿ. ಮತ್ತೆ ಮನೆಗಳಿಂದ ಬಂದ ಪ್ರತಿ ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಸ್ಟುಡಿಯೋ ಮುದ್ರೆ, ಪೆನ್ಸಿಲಿನಲ್ಲಿ ಬರೆದ ಹೆಸರು, ಎಲ್ಲ ಅಲ್ಲೇ ಇರುವುದು.

ಲಷ್ಕರ್ ಮೊಹಲ್ಲಾದವಳು

ಹಿಂಬದಿ ಒಂದನ್ನೂ ಸ್ಕ್ಯಾನ್ ಮಾಡಿಸಿಲ್ಲ, ಈ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರಿಂದ ಮತ್ತೆ ಕೇಳಿ ತರಿಸುತ್ತೇನೆ. ಸಂತ ಜೋಸೆಫರ ಹಳೇ ಚರ್ಚಿನ ಫೋಟೋ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಇಲ್ಲಿ ಹಾಕಿ. ಮಸುಕಾಗಿದ್ದರೂ ಪರವಾಗಿಲ್ಲ.