ಬೀಡಿನ ಕಾವಲಿ: ಮನೆಯ ಒಲೆಗೆ ಎಷ್ಟು ಅಗಲ, ಎಷ್ಟು ದಪ್ಪ?

ಒಗ್ಗರಣೆ:
ನಾನ್‌ಸ್ಟಿಕ್ ಹೆಂಚಿನ ಲೇಪ ಎದ್ದಿದೆ, ಬೀಡಿನ (ಎರಕಹೊಯ್ದ ಕಬ್ಬಿಣದ) ಕಾವಲಿ ಕೊಳ್ಳಬೇಕು. ಇರುವುದು ಎರಡು ಬರ್ನರಿನ ಗ್ಯಾಸ್ ಒಲೆ, ಜೊತೆಗೊಂದು ಇಂಡಕ್ಷನ್. ವಾರಕ್ಕೆ ಮೂರು ದಿನ ಉದ್ದಿನ ದೋಸೆ, ಆಗಾಗ ನೀರುದೋಸೆ, ರಾತ್ರಿ ಚಪಾತಿ. 25, 28, 30 ಸೆಂ.ಮೀ. ಅಳತೆಯಲ್ಲಿ ಸಿಗುತ್ತಿವೆ. ದೊಡ್ಡದನ್ನೇ ತರಲೇ? ‘ಪ್ರೀ-ಸೀಸನ್ಡ್’ (ಕಾರ್ಖಾನೆಯಲ್ಲೇ ಪಳಗಿಸಿದ್ದು) ಎಂದು ಬರೆದಿದ್ದರೆ, ಎಣ್ಣೆ ಸವರಿ ಕಾಯಿಸಿ ಪದರ ಕಟ್ಟಿಸುವ, ಅಂದರೆ ಪಳಗಿಸುವ ಕೆಲಸ ಇಲ್ಲವೇ?

ಎರಕ:
ಮೊದಲು ನಿಮ್ಮ ಉರಿಯ ಅಗಲ ಅಳೆಯಿರಿ. ಬೀಡು ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ, ಆದರೆ ಹರಡುವುದು ನಿಧಾನ. ಹರಡುವುದರಲ್ಲಿ ಅಲ್ಯೂಮಿನಿಯಂ ಮೂರ್ನಾಲ್ಕು ಪಟ್ಟು ಮುಂದೆ. 10 ಸೆಂ.ಮೀ. ಉರಿಯ ಮೇಲೆ 30ರ ಕಾವಲಿ ಇಟ್ಟರೆ ದೋಸೆ ನಡುವೆ ಸೀಯುತ್ತದೆ, ಅಂಚಿನಲ್ಲಿ ಬಿಳಿಚಿಕೊಂಡೇ ಇರುತ್ತದೆ. ದೊಡ್ಡ ಬರ್ನರಿಗೆ 28 ಸಾಕು, ಸಣ್ಣದಕ್ಕೆ 25.

ದಪ್ಪ 4 ಮಿ.ಮೀ.ಗೆ ಕಡಿಮೆ ಬೇಡ. 28 ಸೆಂ.ಮೀ. ಅಗಲಕ್ಕೆ ಬರೀ ತಟ್ಟೆಯೇ ಸುಮಾರು 1.8 ಕಿಲೋ ಆಗುತ್ತದೆ, ಹಿಡಿ ಸೇರಿದರೆ ಎರಡರ ಹತ್ತಿರ. ಒಂದೂಕಾಲು ಕಿಲೋ ತೂಗಿದರೆ ಅದು ತೆಳು ಎರಕ, ಇಲ್ಲವೇ ತಗಡು ಒತ್ತಿ ಮಾಡಿದ ಹೆಂಚು. ಅಯಸ್ಕಾಂತ ಎರಡಕ್ಕೂ ಅಂಟುತ್ತದೆ, ಆ ಪರೀಕ್ಷೆಯಿಂದ ಏನೂ ತಿಳಿಯದು. ಹಿಡಿಯಲ್ಲಿ ಬೆರಳು ತೂರಿಸಿ ನೇತು ಹಾಕಿ, ಚಮಚದಿಂದ ತಟ್ಟಿ. ಗಂಟೆಯಂತೆ ದನಿ ನಿಲ್ಲಬೇಕು. ‘ಡಬ್’ ಎಂದು ಸತ್ತರೆ ಎಲ್ಲೋ ಬಿರುಕಿದೆ.

ಎಣ್ಣೆಪಸೆ:
ಪ್ರೀ-ಸೀಸನ್ಡ್ ಆದರೂ ಪಳಗಿಸಲೇಬೇಕು. ಕಾರ್ಖಾನೆಯ ಆ ತೆಳು ಪದರ ದೋಸೆಗೆ ಸಾಲದು. ಬಿಸಿನೀರು, ಸೋಪಿನಿಂದ ಒಮ್ಮೆ ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ. ಅರ್ಧ ಟೀ ಚಮಚ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಹಿಂದೆ ಮುಂದೆ ಸವರಿ, ಆಮೇಲೆ ಒಣಬಟ್ಟೆಯಿಂದ ಎಣ್ಣೆ ಹಚ್ಚಿಯೇ ಇಲ್ಲವೇನೋ ಎಂಬಷ್ಟು ಒರೆಸಿ. ಮಧ್ಯಮ ಉರಿಯಲ್ಲಿ ಹೊಗೆ ಶುರುವಾದ ಮೇಲೆ ಹತ್ತು ನಿಮಿಷ ಬಿಡಿ, ತಾನಾಗಿ ಆರಲಿ. ಹೀಗೆ ನಾಲ್ಕೈದು ಸಲ.

ಹೆಚ್ಚಿನವರು ಎಡವುವುದು ಒರೆಸುವಲ್ಲೇ. ಎಣ್ಣೆ ಜಾಸ್ತಿ ಉಳಿದರೆ ಗಟ್ಟಿಯಾಗದೆ ಗೋಂದಿನಂತೆ ಜಿಗುಟಾಗುತ್ತದೆ, ಅದಕ್ಕೇ ಹಿಟ್ಟು ಕಚ್ಚುತ್ತದೆ. ಹಾಗಾದರೆ ಕಲ್ಲುಪ್ಪಿನಿಂದ ಉಜ್ಜಿ ಮತ್ತೆ ಮೊದಲಿಂದ. ಕೊಬ್ಬರಿ ಎಣ್ಣೆ, ತುಪ್ಪ ಇದಕ್ಕೆ ಆಗದು. ಅವು ಕಾಯಿಸಿದರೂ ಗಟ್ಟಿ ಪದರ ಕಟ್ಟುವುದಿಲ್ಲ. ಪಳಗಿದ ಮೇಲೆ ದೋಸೆಗೆ ಧಾರಾಳವಾಗಿ ಹಾಕಿ.

ತೆಳ್ಳೇವು:
ಚಪಾತಿಗೆ ಬೇರೆ ಹೆಂಚು ಇಡಿ, ಇದರಲ್ಲಿ ರಾಜಿ ಬೇಡ. ಎಣ್ಣೆಯಿಲ್ಲದ ಒಣ ಕಾವಿಗೆ ಪದರ ಸುಟ್ಟು ಹೋಗುತ್ತದೆ, ಉದುರಿದ ಹಿಟ್ಟು ಕರಕಾಗಿ ಕೂರುತ್ತದೆ. ಮರುದಿನದ ದೋಸೆ ಏಳುವುದಿಲ್ಲ. ಹುಣಸೆ, ಟೊಮೇಟೊ ಹಾಕಿದ್ದನ್ನೂ ಇದರಲ್ಲಿ ಕುದಿಸಬೇಡಿ.

ಇಂಡಕ್ಷನ್ ಮೇಲೆ ತಳ ಚಪ್ಪಟೆ ಇರಲೇಬೇಕು. ಅಡ್ಡಲಾಗಿ ಸ್ಕೇಲ್ ಇಟ್ಟು ನೋಡಿ. ಮೊದಲ ಐದು ನಿಮಿಷ ಕನಿಷ್ಠ ಶಕ್ತಿಯಲ್ಲೇ ಕಾಯಲಿ. ತಣ್ಣಗಿನ ಬೀಡಿಗೆ ಒಮ್ಮೆಲೇ ಪೂರ್ತಿ ಶಕ್ತಿ ಕೊಟ್ಟರೆ ನಡು ಹಿಗ್ಗಿ, ಅಂಚು ಹಿಗ್ಗದೆ, ಸೀಳಬಹುದು. ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದರೂ ಅದೇ ಗತಿ.

ಒಗ್ಗರಣೆ:
ಸರಿ, 28, ಚಪ್ಪಟೆ. ಹಿಟ್ಟು ಹರಡುವಾಗ ಸೌಟಿಗೇ ಸುತ್ತಿಕೊಂಡು ಬಂದರೆ ಅದು ಪಳಗದ್ದರಿಂದಲೇ?

ಎಣ್ಣೆಪಸೆ:
ಅಲ್ಲ, ಕಾವು ಮಿತಿಮೀರಿದ್ದರಿಂದ. ಹಿಟ್ಟು ತಾಗಿದ ಕೂಡಲೇ ಹೆಪ್ಪುಗಟ್ಟಿ ಸೌಟಿನ ಜೊತೆ ಎದ್ದು ಬರುತ್ತದೆ. ನೀರು ಚಿಮುಕಿಸಿ: ಹನಿ ಮಣಿಯಂತೆ ಉರುಳಾಡಿದರೆ ಅತಿ ಕಾದಿದೆ, ಚುಂಯ್ ಎಂದು ತಕ್ಷಣ ಆರಿದರೆ ಹದ. ಉರಿ ತಗ್ಗಿಸಿ, ನೀರು ಚಿಮುಕಿಸಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜಿ ಹುಯ್ಯಿರಿ. ಹರಡಿದ ಮೇಲೆ ಉರಿ ಏರಿಸಿ. ನೀರುದೋಸೆಗೆ ಇದು ತಿರುವುಮುರುವು: ಚೆನ್ನಾಗಿ ಕಾದಿರಬೇಕು, ಸೌಟು ತಾಗಿಸದೆ ಅಂಚಿನಿಂದ ಒಳಕ್ಕೆ ಎರೆಯಬೇಕು. ಆಗಲೇ ತೂತು ಬೀಳುವುದು.

ತೆಳ್ಳೇವು:
ನೀರುದೋಸೆಯನ್ನು ಮೊದಲ ಎರಡು ವಾರ ಮುಟ್ಟಬೇಡಿ. ತೆಳು ಹಿಟ್ಟು ಎಳೆ ಪದರಕ್ಕೆ ಕಚ್ಚಿ ಅದನ್ನೇ ಕಿತ್ತುಕೊಂಡು ಬರುತ್ತದೆ. ಅಲ್ಲಿಯವರೆಗೆ ದಪ್ಪನೆಯ ಉದ್ದಿನ ದೋಸೆ, ಅಂಚಿಗೆಲ್ಲ ಎಣ್ಣೆ ಬಿಟ್ಟು.