ಮಕ್ಕಳಿಗೆ ಮೈಂಡ್‌ಫುಲ್‌ನೆಸ್ ಮಾಡಿಸುವ ಮೊದಲು ಶಿಕ್ಷಕರು ಎಷ್ಟು ಕಲಿತಿರಬೇಕು?

ಪ್ರಶ್ನೆ – ಪ್ರೌಢಶಾಲೆ ಶಿಕ್ಷಕಿ
ಮುಂದಿನ ತಿಂಗಳಿಂದ ಮೊದಲ ಪೀರಿಯಡ್‌ನಲ್ಲಿ ಐದು ನಿಮಿಷ ಮಕ್ಕಳಿಗೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಉಸಿರು, ಅನುಭವಗಳನ್ನು ಸುಮ್ಮನೆ ಗಮನಿಸುವ ಅಭ್ಯಾಸ ಮಾಡಿಸಬೇಕು. ಕೊಟ್ಟಿರುವುದು ಓದಿ ಹೇಳುವ ಒಂದು ಹಾಳೆ ಅಷ್ಟೇ. ನಾನೇ ಕಣ್ಣು ಮುಚ್ಚಿ ಕೂತರೆ ತಿದ್ದಬೇಕಾದ ಉತ್ತರಪತ್ರಿಕೆಗಳು ನೆನಪಾಗುತ್ತವೆ. ಹೇಗೆ ಕಲಿಯಲಿ?

ಉತ್ತರ 1
ಮೊದಲು ನಿಮ್ಮ ಅಭ್ಯಾಸ ಆಗಲಿ ಮೇಡಂ, ಹಾಳೆ ಆಮೇಲೆ. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವ) ಕೋರ್ಸ್ ಎಂಟು ವಾರದ್ದು: ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆ ತರಗತಿ, ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ, ನಡುವೆ ಒಂದು ಇಡೀ ದಿನ ಮೌನ. ಧ್ಯಾನ ಗುರು ಎಸ್.ಎನ್. ಗೋಯೆಂಕಾ ಪರಂಪರೆಯ ವಿಪಶ್ಯನ ಧ್ಯಾನ ಶಿಬಿರವಾದರೆ ಹತ್ತು ದಿನ, ಬಹುತೇಕ ಮೌನದಲ್ಲೇ, ಶುಲ್ಕವಿಲ್ಲ. ಮೊದಲ ಮೂರು ದಿನ ಬರೀ ಆನಾಪಾನ, ಅಂದರೆ ಸಹಜ ಉಸಿರನ್ನು ಗಮನಿಸುವುದು. ಶಾಲೆ ನಡೆಯುವಾಗ ರಜೆ ಸಿಗುವುದು ಕಷ್ಟ, ಬೇಸಿಗೆಗೆ ಇಟ್ಟುಕೊಳ್ಳಿ.

ಉತ್ತರ 2
ಅಲ್ಲಿಯವರೆಗೆ ಮನೆಯಲ್ಲೇ ಬೆಳಿಗ್ಗೆ ಹತ್ತು ನಿಮಿಷ ಸಾಕು. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ, ಪಾದ ನೆಲಕ್ಕೆ. ಮೂಗಿನ ಹೊಳ್ಳೆಯ ಬಳಿ ಉಸಿರು ತಾಗುವ ಜಾಗದಲ್ಲಿ ಗಮನವಿಡಿ. ಉಸಿರನ್ನು ಎಳೆಯಬೇಡಿ, ಬಿಗಿಹಿಡಿಯಬೇಡಿ. ಜೋರಾಗಿ ಎಳೆದು ಬಿಡುತ್ತಿದ್ದರೆ ತಲೆ ಸುತ್ತುತ್ತದೆ. ಉತ್ತರಪತ್ರಿಕೆ ನೆನಪಾಯಿತೇ? ‘ಯೋಚನೆ’ ಎಂದು ಮನಸ್ಸಿನಲ್ಲೇ ಗುರುತಿಸಿ, ಉಸಿರಿಗೆ ಮರಳಿ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಮರಳಿದರೂ ಅದು ಸೋಲಲ್ಲ, ಅಭ್ಯಾಸವೆಂದರೆ ಆ ಮರಳುವಿಕೆಯೇ. ಹಲವರು ಬಿಟ್ಟುಬಿಡುವುದು ಇಲ್ಲಿಯೇ, ಮನಸ್ಸು ಖಾಲಿಯಾಗಬೇಕೆಂದು ಕಾದು. ತೂಕಡಿಕೆ ಬಂದರೆ ಕಣ್ಣು ಅರೆ ತೆರೆಯಿರಿ. ಉಸಿರನ್ನು ನೋಡುತ್ತಾ ಎದೆ ಬಿಗಿದು ಗಾಬರಿ ಹೆಚ್ಚಾದರೆ ಗಮನವನ್ನು ಅಂಗಾಲಿಗೆ ಇಳಿಸಿ, ಇಲ್ಲವೇ ಹೊರಗಿನ ಸದ್ದು ಕೇಳಿ.

ಪ್ರಶ್ನೆ ಕೇಳಿದವರು
ತರಗತಿಯಲ್ಲಿ ಸಿಟ್ಟು ಬಂದಾಗ ಇದು ಕೆಲಸಕ್ಕೆ ಬರುತ್ತದಾ?

ಉತ್ತರ 2
ಬರುತ್ತದೆ, ಆದರೆ ಸಿಟ್ಟು ಏರುವ ಮೊದಲೇ ರೂಢಿಯಾಗಿರಬೇಕು. ಬಾಗಿಲು ದಾಟುವಾಗ ಒಂದು ಉಸಿರು, ಬೋರ್ಡಿಗೆ ತಿರುಗಿದಾಗ ಅಂಗಾಲಿನ ಸ್ಪರ್ಶ. ದವಡೆ ಬಿಗಿಯುವುದು, ದನಿ ಏರುವುದು ಮೊದಲು ಮೈಗೆ ಗೊತ್ತಾಗುತ್ತದೆ. ಅದು ತಿಳಿದ ಮೇಲೆ ಗದರಬೇಕೋ ಬೇಡವೋ ಎಂದು ಯೋಚಿಸಲು ಒಂದೆರಡು ಕ್ಷಣ ಸಿಗುತ್ತದೆ.

ಉತ್ತರ 3
ಮಕ್ಕಳ ವಿಷಯದಲ್ಲಿ ದೊಡ್ಡ ಮಾತು ಕೊಡಬೇಡಿ. 2022ರಲ್ಲಿ ಪ್ರಕಟವಾದ ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಕಲಿಸಿ ನೋಡಿದ ಬ್ರಿಟನ್ನಿನ ‘ಮಿರಿಯಡ್’ ಅಧ್ಯಯನದಲ್ಲಿ 11–14 ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಮೈಂಡ್‌ಫುಲ್‌ನೆಸ್ ಕಲಿತವರಲ್ಲಿ ಮಾಮೂಲಿ ಪಾಠದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲು ತಾವೇ ಕೋರ್ಸ್ ಮಾಡಿದ್ದ ಶಿಕ್ಷಕರಲ್ಲಿ ಮಾತ್ರ ಕೆಲಸದ ಬಳಲಿಕೆ ಸ್ವಲ್ಪ ಇಳಿದಿತ್ತು.

ಐದು ನಿಮಿಷವನ್ನು ಎರಡಕ್ಕೆ ಇಳಿಸಿ. ಕಣ್ಣು ಮುಚ್ಚಲೇಬೇಕೆಂದು ಒತ್ತಾಯ ಬೇಡ, ಡೆಸ್ಕ್ ನೋಡುತ್ತಾ ಕೂತರೂ ಆಗುತ್ತದೆ. ಗಲಾಟೆ ಮಾಡಿದವರನ್ನು ಸುಮ್ಮನಾಗಿಸಲು ಇದನ್ನು ಬಳಸಲೇಬೇಡಿ. ಒಂದೇ ಸಲ ಶಿಕ್ಷೆಯಾಗಿ ಕಂಡರೂ ಆ ತರಗತಿ ಮತ್ತೆ ಮನಸ್ಸಿಟ್ಟು ಕೂರುವುದಿಲ್ಲ.