ಪುಸ್ತಕದಲ್ಲಿ 5 ದಿನ, ಗೆಳೆಯ ಹೇಳೋದು 10 ದಿನ: ಲಾ ಲೈಬ್ರರಿಯಲ್ಲಿ ಯಾರನ್ನು ಕೇಳಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಕಾನೂನು ಗ್ರಂಥಾಲಯದಲ್ಲಿ ಕೆಲಸ ಮಾಡುವ ಮೇಡಂ ಒಬ್ಬರಿದ್ದಾರೆ ಅಂತ ಗೊತ್ತಾಗಿ ಬರೆಯುತ್ತಿದ್ದೇನೆ. ನಾವು ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಕೆಲಸ ಹೋಗಿ ಎರಡು ತಿಂಗಳ ಬಾಡಿಗೆ ಬಾಕಿ ಬಿತ್ತು. ಮೊದಲು ಬಾಗಿಲಿಗೆ ನೋಟಿಸ್ ಅಂಟಿಸಿದರು. ಮೊನ್ನೆ ಮನೆ ಖಾಲಿ ಮಾಡಿಸುವ ಕೇಸಿನಲ್ಲಿ ಕೋರ್ಟಿನ ಸಮನ್ಸ್ ಬಂತು. ವಕೀಲರನ್ನು ಇಟ್ಟುಕೊಳ್ಳುವಷ್ಟು ದುಡ್ಡಿಲ್ಲ. ಯಾರೋ ಹೇಳಿದರು ಅಂತ ಲಾ ಲೈಬ್ರರಿಗೆ ಹೋದೆ. ಅಲ್ಲಿ ಒಂದು ಪುಸ್ತಕದಲ್ಲಿ ಉತ್ತರ ಸಲ್ಲಿಸಲು 5 ದಿನ ಅಂತಿತ್ತು. ಗೆಳೆಯ 10 ದಿನ ಅಂತಾನೆ. ಕೌಂಟರಿನಲ್ಲಿದ್ದವರನ್ನು "ನಾನು ಏನು ಬರೆಯಲಿ? ಗೆಲ್ಲುತ್ತೇನಾ?" ಅಂತ ಕೇಳಿದೆ. "ಅದನ್ನು ನಾವು ಹೇಳುವ ಹಾಗಿಲ್ಲ" ಅಂದರು. ತುಂಬಾ ಬೇಜಾರಾಗಿ ವಾಪಸ್ ಬಂದೆ. ಹಾಗಾದರೆ ಆ ಲೈಬ್ರರಿ ಯಾರಿಗೆ? ಬರೀ ವಕೀಲರಿಗಾ?

ಉತ್ತರ (ಕಾನೂನು ಗ್ರಂಥಪಾಲಕಿ):
ನಮಸ್ಕಾರ. ಲೈಬ್ರರಿ ನಿಮಗೇ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ತುರ್ತಿನ ಮಾತು.

ನೀವು ನೋಡಿದ ಪುಸ್ತಕ ಹಳೆಯದು. ಬಾಡಿಗೆದಾರರು ಉತ್ತರ ಸಲ್ಲಿಸುವ ಅವಧಿ ಕ್ಯಾಲಿಫೋರ್ನಿಯಾದ ಸಿವಿಲ್ ಪ್ರಕ್ರಿಯಾ ಸಂಹಿತೆಯ 1167ನೇ ಸೆಕ್ಷನ್‌ನಲ್ಲಿದೆ. ಅಲ್ಲಿ ಮೊದಲು 5 ದಿನ ಅಂತಿತ್ತು. 2025ರ ಜನವರಿ 1ರಿಂದ ಅದು 10 ದಿನ ಆಗಿದೆ. ಶನಿವಾರ, ಭಾನುವಾರ, ಕೋರ್ಟ್ ರಜೆ ಲೆಕ್ಕಕ್ಕಿಲ್ಲ. ಆದರೆ ಎಣಿಕೆ ಯಾವತ್ತು ಶುರು ಅನ್ನುವುದು ಸಮನ್ಸ್ ನಿಮ್ಮ ಕೈಗೇ ಕೊಟ್ಟರಾ, ಬೇರೆ ರೀತಿ ತಲುಪಿಸಿದರಾ ಅನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ನಾನು ಹೇಳಿದೆ ಅಂತ ಸುಮ್ನೆ ಕೂರಬೇಡಿ. ಸಮನ್ಸ್ ಕಾಗದವನ್ನು ಮೇಲಿಂದ ಕೆಳಗೆ ಓದಿ. ನಾಳೆಯೇ ಲೈಬ್ರರಿಗೆ ಹೋಗಿ "1167ನೇ ಸೆಕ್ಷನ್ ಇವತ್ತು ಜಾರಿಯಲ್ಲಿರುವ ರೂಪದಲ್ಲಿ ನೋಡಬೇಕು" ಅಂತ ಕೇಳಿ. ಖಂಡಿತ ತೋರಿಸುತ್ತಾರೆ. ಉತ್ತರ ಸಲ್ಲಿಸುವ ಫಾರಂ ಯುಡಿ-105. ಕೋರ್ಟ್ ಶುಲ್ಕ ಕಟ್ಟಲು ಆಗದಿದ್ದರೆ ಎಫ್‌ಡಬ್ಲ್ಯೂ-001 ತುಂಬಿ ವಿನಾಯಿತಿ ಕೇಳಬಹುದು. ಎರಡೂ ಅಲ್ಲೇ ಸಿಗುತ್ತವೆ. ದಿನ ಮೀರಿದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಆಗಿಬಿಡಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಈಗ ಆ "ಹೇಳುವ ಹಾಗಿಲ್ಲ" ವಿಷಯ. ನಿಮಗೆ ನೋವಾಗಿದ್ದು ಸಹಜ. ಆದರೆ ಒಂದು ಯೋಚಿಸಿ. ನೀವು ಬಂದ ಅದೇ ಕೌಂಟರಿಗೆ ನಿಮ್ಮ ಮನೆ ಮಾಲೀಕರೂ ಬರಬಹುದು. ಪಕ್ಕದ ಮೇಜಿನಲ್ಲೇ ಕೂತು ನಿಮ್ಮ ಮೇಲಿನ ಕೇಸಿಗೇ ಓದುತ್ತಿರಬಹುದು. ಇಬ್ಬರಿಗೂ ನಾವು ಒಂದೇ ಸಮ. ಯಾವ ವಾದ ಹೂಡಬೇಕು, ಗೆಲುವು ಯಾರದು ಅಂತ ಹೇಳಿದರೆ ಅದು ಸಲಹೆ. ಅದು ವಕೀಲರ ಕೆಲಸ, ನಾವು ಮಾಡಿದರೆ ಕಾನೂನಿಗೇ ವಿರುದ್ಧ. ಕಾನೂನು ಎಲ್ಲಿದೆ, ಹೇಗೆ ಹುಡುಕಬೇಕು, ಯಾವ ಫಾರಂ ಇದೆ, ಈ ಪದದ ಅರ್ಥ ಏನು ಅಂತ ತೋರಿಸುವುದು ಮಾಹಿತಿ. ಅದರಲ್ಲಿ ನಾವು ಕೈ ಬಿಗಿ ಹಿಡಿಯುವುದಿಲ್ಲ. ಹಾಗಾಗಿ ಪ್ರಶ್ನೆ ಕೇಳುವ ರೀತಿ ಸ್ವಲ್ಪ ಬದಲಾಯಿಸಿ. "ನಾನೇನು ಮಾಡಲಿ" ಅನ್ನುವ ಬದಲು, ಉದಾಹರಣೆಗೆ, "ಮನೆ ರಿಪೇರಿ ಮಾಡಿಸದ ಮಾಲೀಕರ ವಿರುದ್ಧ ಬಾಡಿಗೆದಾರರು ಯಾವ ತಕರಾರು ಎತ್ತಬಹುದು ಅಂತ ಬರೆದಿರುವ ಪುಸ್ತಕ ಬೇಕು" ಅನ್ನಿ. ಅರ್ಧ ಗಂಟೆಯಲ್ಲಿ ನಿಮ್ಮ ಮೇಜಿನ ಮೇಲೆ ಮೂರು ಪುಸ್ತಕ ಇರುತ್ತವೆ.

ಇದು ಯಾರ ಲೈಬ್ರರಿ ಅಂತ ಕೇಳಿದ್ದೀರಿ. ಅಮೆರಿಕದ ಮೊದಲ ಕಾನೂನು ಗ್ರಂಥಾಲಯ 1802ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ಅದನ್ನು ಕಟ್ಟಿದ್ದು ವಕೀಲರು, ಅವರಿಗಾಗಿಯೇ. ಕ್ಯಾಲಿಫೋರ್ನಿಯಾದಲ್ಲಿ 1891ರ ಕಾಯ್ದೆ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಕಾನೂನು ಗ್ರಂಥಾಲಯಗಳಿಗೆ ಬುನಾದಿ ಹಾಕಿತು. ಈಗಿನ ಕಾನೂನಿನಲ್ಲಿ ನ್ಯಾಯಾಧೀಶರು, ವಕೀಲರ ಜೊತೆಗೆ ಕೌಂಟಿಯ ಎಲ್ಲ ನಿವಾಸಿಗಳಿಗೂ ಅದು ಉಚಿತ ಅಂತ ಬರೆದಿದೆ. ದುಡ್ಡು ಬರುವುದು ಮುಖ್ಯವಾಗಿ ಸಿವಿಲ್ ಕೇಸು ಹಾಕುವಾಗ ಕಟ್ಟುವ ಶುಲ್ಕದ ಒಂದು ಪಾಲಿನಿಂದ. ನಿಮ್ಮ ಮಾಲೀಕರು ನಿಮ್ಮ ಮೇಲೆ ಕೇಸು ಹಾಕಲು ಕಟ್ಟಿದ ಶುಲ್ಕದ ಒಂದು ಭಾಗವೇ ನೀವು ಓದುವ ಪುಸ್ತಕಕ್ಕೂ ಹೋಗಿರುತ್ತದೆ. ಸಂಕೋಚ ಬೇಡ.

ಇನ್ನೊಂದು. ನಮ್ಮ ಮೇಜಿಗೆ ಬರುವವರಲ್ಲಿ ಹೆಚ್ಚಿನವರು ನೇರವಾಗಿ ಕಾಯ್ದೆ ಪುಸ್ತಕವನ್ನೇ ಎತ್ತಿಕೊಳ್ಳುತ್ತಾರೆ, ಹೆದರಿ ಇಟ್ಟುಬಿಡುತ್ತಾರೆ. ಅಲ್ಲಿಂದ ಶುರು ಮಾಡಬೇಡಿ. ವಿಷಯವನ್ನು ಬಿಡಿಸಿ ಹೇಳುವ ಕೈಪಿಡಿಗಳಿರುತ್ತವೆ. ಸಾಮಾನ್ಯ ಜನರಿಗಾಗಿ ಬರೆದ, ನೋಲೋ ಅನ್ನುವ ಪ್ರಕಾಶನದ ಪುಸ್ತಕಗಳಿವೆ. ಮೊದಲು ಅವನ್ನು ಓದಿ. ಅದರಲ್ಲಿ ಬರುವ ಸೆಕ್ಷನ್, ತೀರ್ಪುಗಳ ನಂಬರು ಗುರುತು ಹಾಕಿಕೊಂಡು ಆಮೇಲೆ ಮೂಲಕ್ಕೆ ಹೋಗಿ. ಹೊರಡುವ ಮುನ್ನ ಪುಸ್ತಕದ ಮೊದಲ ಪುಟದಲ್ಲಿ ವರ್ಷ ನೋಡಿ. ಕೆಲವು ಕಾನೂನು ಪುಸ್ತಕಗಳ ಹಿಂದಿನ ರಟ್ಟಿನ ಒಳಗೆ ಒಂದು ಜೇಬು ಇರುತ್ತದೆ. ವರ್ಷವರ್ಷದ ತಿದ್ದುಪಡಿಗಳ ಚಿಕ್ಕ ಪುಸ್ತಿಕೆ ಅದರಲ್ಲಿ ಇರುತ್ತದೆ. ಜೇಬು ನೋಡದೆ ಓದಿದರೆ ನಿಮಗಾದ ಹಾಗೇ ಆಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯೆ):
ಮೇಡಂ, ನನಗೆ ತೀರ್ಪುಗಳ ನಂಬರೇ ಅರ್ಥ ಆಗೋದಿಲ್ಲ. "430 ಯು.ಎಸ್. 817" ಅಂದರೇನು? ಮತ್ತೆ ಆ ತೀರ್ಪು ಈಗಲೂ ನಡೆಯುತ್ತದೆ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ:
ಒಳ್ಳೆಯ ಪ್ರಶ್ನೆ, ಎರಡನೆಯದಂತೂ ಎಲ್ಲಕ್ಕಿಂತ ಮುಖ್ಯ. ಮೊದಲ ಅಂಕಿ ಸಂಪುಟ. ನಡುವೆ ಇರುವುದು ತೀರ್ಪುಗಳ ಸರಣಿಯ ಹೆಸರು, ಇಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಅಧಿಕೃತ ಸರಣಿ. ಕೊನೆಯದು ಪುಟ. 430ನೇ ಸಂಪುಟ ತೆಗೆದು 817ನೇ ಪುಟ ತಿರುಗಿಸಿದರೆ ಬೌಂಡ್ಸ್ ವಿರುದ್ಧ ಸ್ಮಿತ್ ಸಿಗುತ್ತದೆ, 1977ರದು. ಕೈದಿಗಳು ಕೋರ್ಟಿನ ಬಾಗಿಲು ತಟ್ಟಲು ಸಾಧ್ಯವಾಗಬೇಕು, ಅದಕ್ಕೆ ಜೈಲಿನಲ್ಲಿ ಸರಿಯಾದ ಕಾನೂನು ಗ್ರಂಥಾಲಯವೋ ಕಾನೂನು ಬಲ್ಲವರ ನೆರವೋ ಇರಬೇಕು ಅಂದ ತೀರ್ಪು ಅದು. ನನ್ನ ಕೆಲಸದವರಿಗೆ ಹತ್ತಿರದ ತೀರ್ಪು.

ಆದರೆ ಅಲ್ಲಿಗೇ ನಿಂತರೆ ತಪ್ಪು. 1996ರಲ್ಲಿ ಲೂಯಿಸ್ ವಿರುದ್ಧ ಕೇಸಿ ಬಂತು, 518 ಯು.ಎಸ್. 343. ಗ್ರಂಥಾಲಯ ಸರಿಯಿಲ್ಲ ಅಂದರೆ ಮಾತ್ರ ಸಾಲದು, ಅದರಿಂದ ತನ್ನ ಕೇಸಿಗೆ ನಿಜವಾಗಿ ಹಾನಿಯಾಗಿದೆ ಅಂತ ಕೈದಿ ತೋರಿಸಬೇಕು ಅಂದಿತು ಕೋರ್ಟು. ಹಳೆಯ ತೀರ್ಪು ಸತ್ತಿಲ್ಲ, ಆದರೆ ಅದರ ಕೈ ಗಿಡ್ಡವಾಯಿತು. ಇದನ್ನು 430ನೇ ಸಂಪುಟ ನಿಮಗೆ ಹೇಳುವುದಿಲ್ಲ. ಒಂದು ತೀರ್ಪನ್ನು ಆಮೇಲಿನ ಕೋರ್ಟುಗಳು ಏನು ಮಾಡಿದವು ಅಂತ ಪತ್ತೆ ಹಚ್ಚಲೆಂದೇ ಷೆಪರ್ಡ್ಸ್ ಅನ್ನುವ ಪದ್ಧತಿ 1873ರಿಂದ ಇದೆ. ಈಗ ಅದು ಲೆಕ್ಸಿಸ್ ಅನ್ನುವ ಕಾನೂನು ಡೇಟಾಬೇಸಿನಲ್ಲಿದೆ. ವೆಸ್ಟ್‌ಲಾ ಅನ್ನುವ ಇನ್ನೊಂದರಲ್ಲಿ ಇದೇ ಕೆಲಸಕ್ಕೆ ಕೀಸೈಟ್ ಇದೆ. ತೀರ್ಪಿನ ಪಕ್ಕ ಎಚ್ಚರಿಕೆಯ ಕೆಂಪು, ಹಳದಿ ಗುರುತು ಬರುತ್ತದೆ. ಬಣ್ಣ ನೋಡಿ ಎದೆ ಒಡೆದುಕೊಳ್ಳಬೇಡಿ. ಕೆಲವೊಮ್ಮೆ ತೀರ್ಪಿನ ಒಂದೇ ಅಂಶ ಬಿದ್ದಿರುತ್ತದೆ, ನಿಮಗೆ ಬೇಕಾದ್ದು ಗಟ್ಟಿಯಾಗಿಯೇ ಇರುತ್ತದೆ. ಗುರುತನ್ನು ಒತ್ತಿ, ಒಳಗೆ ಓದಿ.

ಈ ಡೇಟಾಬೇಸುಗಳಿಗೆ ಸ್ವಂತ ಚಂದಾ ಕಟ್ಟುವುದು ದುಬಾರಿ. ಲೈಬ್ರರಿಯ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಉಚಿತ. ನನ್ನನ್ನು ಕೇಳಿದರೆ, ಇಲ್ಲಿಗೆ ಬರಲು ಇದೊಂದೇ ಕಾರಣ ಸಾಕು.

ಪ್ರಶ್ನೆ (ಮತ್ತೊಬ್ಬರು):
ಈಗ ಎಐ ಇದೆಯಲ್ವಾ? ಕೇಳಿದರೆ ತೀರ್ಪು, ನಂಬರು ಎಲ್ಲ ಕೊಡುತ್ತೆ. ಲೈಬ್ರರಿಗೆ ಯಾಕೆ ಅಲೆಯಬೇಕು?

ಉತ್ತರ:
ಪದದ ಅರ್ಥ ತಿಳಿಯಲು, ಹುಡುಕುವ ಪದ ಹೊಳೆಯಲು ಬಳಸಿ. ಅದು ಕೊಟ್ಟ ನಂಬರನ್ನು ಮಾತ್ರ ಪರೀಕ್ಷಿಸದೆ ಕೋರ್ಟಿಗೆ ಕೊಡಬೇಡಿ. 2023ರಲ್ಲಿ ನ್ಯೂಯಾರ್ಕಿನಲ್ಲಿ ಮಾಟಾ ವಿರುದ್ಧ ಏವಿಯಾಂಕಾ ಕೇಸಿನಲ್ಲಿ ವಕೀಲರೇ ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಹಾಗೇ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. ಕೋರ್ಟು 5,000 ಡಾಲರ್ ದಂಡ ಹಾಕಿತು. ಇಂಥ ಪಟ್ಟಿ ಹಿಡಿದು ನಮ್ಮಲ್ಲಿಗೆ ಬನ್ನಿ. ಒಂದೊಂದನ್ನೂ ಜೊತೆಗೆ ಕೂತು ಹುಡುಕೋಣ. ಸಿಗದಿದ್ದರೆ ಕೋರ್ಟಿಗೆ ಹೋಗುವ ಮೊದಲೇ ಗೊತ್ತಾಯಿತಲ್ವಾ?

ಮನೆಯಿಂದಲೇ ನೋಡಬೇಕೆಂದರೆ ಗೂಗಲ್ ಸ್ಕಾಲರ್‌ನಲ್ಲಿ ತೀರ್ಪುಗಳಿವೆ. ಕಾರ್ನೆಲ್ ವಿಶ್ವವಿದ್ಯಾಲಯದ ಲೀಗಲ್ ಇನ್ಫರ್ಮೇಶನ್ ಇನ್‌ಸ್ಟಿಟ್ಯೂಟ್ 1992ರಿಂದ ಕಾನೂನನ್ನು ಉಚಿತವಾಗಿ ಕೊಡುತ್ತಿದೆ.

ಅಭಿಪ್ರಾಯ (ವಕೀಲರೊಬ್ಬರು):
ಮೇಡಂ, ಕ್ಷಮಿಸಿ. ಪುಸ್ತಕ ಓದಿ ತಾವೇ ವಾದಿಸುವವರು ಕೇಸು ಹಾಳು ಮಾಡಿಕೊಳ್ಳುವುದನ್ನು ನಾನು ದಿನಾ ನೋಡುತ್ತೇನೆ. ಅವರಿಗೆ ಧೈರ್ಯ ತುಂಬುವುದು ಸರಿಯಾ?

ಉತ್ತರ:
ಸರ್, ನಿಮ್ಮ ಮಾತಿನಲ್ಲಿ ಸತ್ಯ ಇದೆ. ನಾನೂ ನೋಡಿದ್ದೇನೆ. ಒಳ್ಳೆಯ ವಕೀಲರು ಸಿಗುವುದಾದರೆ ನಾನೇ ಜನರನ್ನು ನಿಮ್ಮಂಥವರ ಹತ್ತಿರ ಕಳಿಸುತ್ತೇನೆ. ಆದರೆ ನಮ್ಮ ಮೇಜಿಗೆ ಬರುವವರ ಮುಂದೆ ಇರುವ ಆಯ್ಕೆ ವಕೀಲರೋ ಪುಸ್ತಕವೋ ಅನ್ನುವುದಲ್ಲ. ಪುಸ್ತಕವೋ, ಏನೂ ಇಲ್ಲವೋ ಅನ್ನುವುದು. ನಡುವಿನ ದಾರಿಗಳೂ ಇವೆ. ಪೂರ್ತಿ ಕೇಸು ಕೊಡದೆ, ಒಂದು ಅರ್ಜಿ ಬರೆಸಲು ಅಥವಾ ಒಂದೇ ವಿಚಾರಣೆಗೆ ಮಾತ್ರ ವಕೀಲರನ್ನು ಇಟ್ಟುಕೊಳ್ಳಬಹುದು. ಅನೇಕ ಲಾ ಲೈಬ್ರರಿಗಳಲ್ಲಿ ವಕೀಲರು ಸ್ವಯಂಸೇವಕರಾಗಿ ಬಂದು ಸ್ವಲ್ಪ ಹೊತ್ತು ಉಚಿತವಾಗಿ ಮಾತಾಡುವ ದಿನಗಳಿರುತ್ತವೆ. ಆಗ ಸಲಹೆಯೂ ಸಿಗುತ್ತದೆ. ವಕೀಲರಿಲ್ಲದವರಿಗೆ ನೆರವಾಗುವ ಕೋರ್ಟುಗಳ ಸ್ವಸಹಾಯ ಕೇಂದ್ರಗಳಿಗೂ ನಾವು ಕಳಿಸುತ್ತೇವೆ. ನಿಮಗೆ ತಿಂಗಳಿಗೆ ಒಂದು ಸಂಜೆ ಬಿಡುವಿದ್ದರೆ ದಯವಿಟ್ಟು ಬನ್ನಿ ಸರ್. ಕೇಳುವವರ ಸಾಲು ಯಾವಾಗಲೂ ಉದ್ದ ಇರುತ್ತದೆ.

ಪ್ರಶ್ನೆ (ಒಬ್ಬ ಸದಸ್ಯ):
ಇಲ್ಲಿನ ಕೋರ್ಟಿಗೆ ಬೇರೆ ದೇಶದ ಕಾನೂನು ತೋರಿಸಬೇಕಾದರೆ?

ಉತ್ತರ:
ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನ ಕಾನೂನು ಗ್ರಂಥಾಲಯ 1832ರಿಂದ ಇದೆ. ಜಗತ್ತಿನಲ್ಲೇ ದೊಡ್ಡದು, ಅನೇಕ ದೇಶಗಳ ಕಾನೂನು ಅಲ್ಲಿದೆ. ದೂರದಿಂದ ಪ್ರಶ್ನೆ ಬರೆದು ಕಳಿಸಬಹುದು. ಬರೆಯಲು ಕಷ್ಟವಾದರೆ ನಿಮ್ಮ ಕೌಂಟಿಯ ಲೈಬ್ರರಿಯವರನ್ನು ಕೇಳಿ.

ಮೊದಲು ಪ್ರಶ್ನೆ ಕೇಳಿದವರು:
ಮೇಡಂ, ಇವತ್ತು ಮತ್ತೆ ಹೋಗಿದ್ದೆ. ನೀವು ಹೇಳಿದ ಹಾಗೆಯೇ ಕೇಳಿದೆ. ಅವರು ಎದ್ದು ಬಂದು ಪಕ್ಕದಲ್ಲೇ ನಿಂತು 1167ನೇ ಸೆಕ್ಷನ್ ತೆಗೆದು ತೋರಿಸಿದರು. 10 ದಿನ ಅಂತಲೇ ಇತ್ತು. ನನಗಿನ್ನೂ ಆರು ದಿನ ಇದೆ. ಹಳೆಯ ಪುಸ್ತಕದ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿ ಅದರ ಮೇಲೆ ಒಂದು ಚೀಟಿ ಅಂಟಿಸಿದರು. ಫಾರಂ ತುಂಬಿದ್ದೇನೆ. ಕೋರ್ಟಿಗೆ ಕೊಟ್ಟರೆ ಮುಗಿಯಿತಾ?

ಉತ್ತರ:
ತುಂಬಾ ಸಂತೋಷ ಆಯ್ತು. ಮುಗಿಯಲಿಲ್ಲ, ಇನ್ನೊಂದು ಹೆಜ್ಜೆ ಇದೆ. ಉತ್ತರದ ಪ್ರತಿ ಎದುರು ಪಕ್ಷಕ್ಕೂ ತಲುಪಬೇಕು. ಅವರಿಗೆ ವಕೀಲರಿದ್ದರೆ ವಕೀಲರಿಗೆ. ಅದನ್ನು ನೀವೇ ಕಳಿಸುವಂತಿಲ್ಲ. 18 ವರ್ಷ ತುಂಬಿದ, ಕೇಸಿನಲ್ಲಿ ಪಕ್ಷಗಾರರಲ್ಲದ ಯಾರಾದರೂ ಅಂಚೆಯಲ್ಲಿ ಹಾಕಿ, ಹಾಕಿದ್ದೇನೆ ಅಂತ ಬರೆದು ಸಹಿ ಮಾಡಬೇಕು. ಅದಕ್ಕೂ ಫಾರಂ ಇದೆ, ಅದೇ ಕೌಂಟರಿನಲ್ಲಿ ಕೇಳಿ. ಆ 10 ಅಂದ ಗೆಳೆಯನೇ ಇದ್ದಾನಲ್ಲ, ಅವನನ್ನೇ ಕರೆದುಕೊಂಡು ಹೋಗಿ. ಎಲ್ಲದಕ್ಕೂ ಜೆರಾಕ್ಸ್ ಮಾಡಿಸಿ, ಕೋರ್ಟಿನ ಮುದ್ರೆ ಬಿದ್ದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ವಿಚಾರಣೆ ದಿನ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ.